ಹಿರಿಯರ ಎಡೆ, ಮಕ್ಕಳ ಪಾಠ

2020ನೆಯ ಇಸವಿಯ ಸೆಪ್ಟೆಂಬರ್ ತಿಂಗಳು ಹೈದರಾಬಾದಿನ ಕನ್ನಡ ಮನೆಗಳಿಗೆ ಹಿಂದೆಂದೂ ಕಾಣದ ಒಂದು ಸನ್ನಿವೇಶವನ್ನು ತಂದೊಡ್ಡಿತು. ಕೊರೋನಾ ಮಹಾಮಾರಿಯ ಕಾರಣ ಶಾಲೆಗಳು ಮಾರ್ಚ್ ತಿಂಗಳಿನಿಂದಲೇ ಮುಚ್ಚಿದ್ದವು. ಸೆಪ್ಟೆಂಬರ್ 1ರಂದು ತೆಲಂಗಾಣ ಸರ್ಕಾರವು ದೂರದರ್ಶನದ ಯಾದಗಿರಿ ವಾಹಿನಿ ಮತ್ತು ಟಿ-ಸ್ಯಾಟ್ ವಾಹಿನಿಗಳ ಮೂಲಕ ಮಕ್ಕಳಿಗೆ ಪಾಠಗಳನ್ನು ಆರಂಭಿಸಿತು. ಖಾಸಗಿ ಶಾಲೆಗಳ ಅನೇಕ ಮಕ್ಕಳು ಅದಕ್ಕೂ ಮೊದಲೇ ಮೊಬೈಲು, ಕಂಪ್ಯೂಟರುಗಳ ಮುಂದೆ ಕುಳಿತು ಆನ್‌ಲೈನ್ ತರಗತಿಗೆ ಒಗ್ಗಿಕೊಂಡಿದ್ದರು. ಅದೇ ವಾರದಲ್ಲಿ ಪಿತೃಪಕ್ಷವೂ ಕಾಲಿಟ್ಟಿತು. ಆ ವರ್ಷದ ಮಹಾಲಯ ಅಮಾವಾಸ್ಯೆ ಬಂದದ್ದು ಸೆಪ್ಟೆಂಬರ್ 17ರಂದು.

ಊರಿಗೆ ಹೋಗುವುದು ದುಸ್ತರ. ಪುರೋಹಿತರನ್ನು ಮನೆಗೆ ಕರೆಯಲು ಅಂಜಿಕೆ. ಹೀಗಾಗಿ ಅನೇಕರು ಊರಿನ ಪುರೋಹಿತರ ಮಂತ್ರವನ್ನು ಫೋನಿನಲ್ಲಿ ಕೇಳುತ್ತ ತರ್ಪಣ ಬಿಟ್ಟರು. ಒಂದು ಕೋಣೆಯಲ್ಲಿ ಮಗುವಿನ ಗಣಿತದ ತರಗತಿ. ಪಕ್ಕದ ಕೋಣೆಯಲ್ಲಿ ತಂದೆಯ ಎಳ್ಳುನೀರು. ಎರಡೂ ಪಾಠಗಳೇ. ಒಂದಕ್ಕೆ ಹಾಜರಿ ಪುಸ್ತಕವಿತ್ತು, ಪರೀಕ್ಷೆಯಿತ್ತು, ಅಂಕಗಳಿದ್ದವು. ಇನ್ನೊಂದಕ್ಕೆ ಇವು ಯಾವುವೂ ಇರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದ ಮಗುವಿಗೆ ‘ಅಪ್ಪ ಯಾರ ಹೆಸರು ಹೇಳುತ್ತಿದ್ದಾರೆ?’ ಎಂಬ ಪ್ರಶ್ನೆ ಹುಟ್ಟಿದ್ದರೆ ಅದು ಸಹಜವೇ. ಆ ಪ್ರಶ್ನೆಗೆ ಎಷ್ಟು ಮನೆಗಳಲ್ಲಿ ಉತ್ತರ ದೊರೆಯಿತು ಎಂಬುದೇ ವಿಚಾರ ಮಾಡಬೇಕಾದ ಸಂಗತಿ.

ಅಗಲಿದ ಹಿರಿಯರನ್ನು ನೆನೆಯುವುದು ಕನ್ನಡ ನಾಡಿನ ಪ್ರತಿಯೊಂದು ಸಮುದಾಯದಲ್ಲಿಯೂ ನೆಲೆಗೊಂಡ ಸಂಪ್ರದಾಯ. ಅದು ಊರಿನಲ್ಲಿ ಇದ್ದಷ್ಟು ಕಾಲ ತಾನಾಗಿಯೇ ಮಕ್ಕಳಿಗೆ ಬರುತ್ತಿತ್ತು. ಮಹಾನಗರದಲ್ಲಿ ಅದು ತಾನಾಗಿ ಬರುವುದಿಲ್ಲ. ಕಲಿಸಿದರೆ ಮಾತ್ರ ಬರುತ್ತದೆ.

ಮೂರು ತಲೆಮಾರಿನ ಹೆಸರುಗಳು

ಶ್ರಾದ್ಧದ ವಿಧಿಯಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರುಗಳನ್ನು ಹೆಸರು, ಗೋತ್ರ ಸಹಿತವಾಗಿ ಕರೆಯಲಾಗುತ್ತದೆ. ವಸು, ರುದ್ರ, ಆದಿತ್ಯ ಎಂಬ ಮೂರು ರೂಪಗಳಲ್ಲಿ ಅವರನ್ನು ಭಾವಿಸುವುದು ಪದ್ಧತಿ. ತಾಯಿ, ಅಜ್ಜಿ, ಮುತ್ತಜ್ಜಿಯರಿಗೂ, ತಾಯಿಯ ತವರಿನವರಿಗೂ ಅದರಲ್ಲಿ ಸ್ಥಾನವಿದೆ. ಎಳ್ಳು, ನೀರು, ದರ್ಭೆ, ಅನ್ನ ಇವೆಲ್ಲ ಅಂಗಡಿಯಲ್ಲಿ ಸಿಗುವ ವಸ್ತುಗಳು. ಹೆಸರು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಮನೆಯ ಹಿರಿಯರ ಬಾಯಿಂದಲೇ ಪಡೆಯಬೇಕು.

ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಹತ್ತು ವರ್ಷದ ಮಗುವನ್ನು ‘ನಿನ್ನ ಮುತ್ತಜ್ಜಿಯ ಹೆಸರೇನು?’ ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ಮಗುವಿನ ಮಾತು ಹಾಗಿರಲಿ, ತಂದೆತಾಯಿಗಳೇ ಕ್ಷಣಕಾಲ ತಡವರಿಸುವುದುಂಟು. ಗಂಡಸರ ಹೆಸರುಗಳು ಜಮೀನಿನ ಪಹಣಿಯಲ್ಲಿಯೋ ಸಾಲದ ಪತ್ರದಲ್ಲಿಯೋ ಉಳಿದಿರುತ್ತವೆ. ಹೆಂಗಸರ ಹೆಸರುಗಳು ನಾಲಗೆಯ ಮೇಲಷ್ಟೇ ಉಳಿದು, ನಾಲಗೆಯೊಡನೆಯೇ ಅಳಿಯುತ್ತವೆ. ಐವತ್ತು ವರ್ಷ ಒಲೆಯ ಮುಂದೆ ಬೆಂದು, ಹತ್ತು ಮಕ್ಕಳನ್ನು ಹೆತ್ತು ಸಾಕಿದ ಹೆಣ್ಣುಮಗಳೊಬ್ಬಳು ಎರಡೇ ತಲೆಮಾರಿನಲ್ಲಿ ಹೆಸರಿಲ್ಲದವಳಾಗುವುದು ವಿಷಾದದ ಸಂಗತಿಯಲ್ಲವೇ?

ಹಿಂದೆ ಮೊಮ್ಮಗುವಿಗೆ ಅಜ್ಜನ ಅಥವಾ ಅಜ್ಜಿಯ ಹೆಸರಿಡುವ ವಾಡಿಕೆ ಈ ಅಳಿವಿಗೆ ಒಂದು ತಡೆಯಾಗಿತ್ತು. ಮಾವನ ಹೆಸರು ಹೊತ್ತ ಮಗನನ್ನು ಹೆಸರು ಹಿಡಿದು ಕರೆಯಲು ಸೊಸೆ ಸಂಕೋಚಪಟ್ಟು, ‘ಪುಟ್ಟ’, ‘ಅಪ್ಪಿ’ ಎಂದು ಬೇರೊಂದು ಮುದ್ದಿನ ಹೆಸರಿನಿಂದ ಕರೆಯುತ್ತಿದ್ದಳು. ಮಗು ದೊಡ್ಡದಾದಂತೆ ‘ನನ್ನ ನಿಜವಾದ ಹೆಸರಿನಿಂದ ಅಮ್ಮ ಏಕೆ ಕರೆಯುವುದಿಲ್ಲ?’ ಎಂದು ಕೇಳುತ್ತಿತ್ತು. ಆಗ ಅಜ್ಜನ ಕಥೆ ತಾನಾಗಿ ಹೊರಬರುತ್ತಿತ್ತು. ಇಂದು ಹೆಸರುಗಳು ಹೊಸವು. ಕಥೆಗೆ ದಾರಿ ಬೇರೆ ಹುಡುಕಬೇಕಾಗಿದೆ.

ಇನ್ನೊಂದು ಅಂಶವೂ ಗಮನಾರ್ಹ. ಈ ಸಂಪ್ರದಾಯ ಮರೆವಿಗೂ ಅವಕಾಶ ಕೊಟ್ಟಿದೆ. ತೀರಿಕೊಂಡ ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯೇ ತಿಥಿ. ಮುತ್ತೈದೆಯರಾಗಿ ತೀರಿಕೊಂಡವರಿಗೆ ಅವಿಧವಾ ನವಮಿ; ಅಪಘಾತ, ಯುದ್ಧಗಳಲ್ಲಿ ಮಡಿದವರಿಗೆ ಚತುರ್ದಶಿ. ತಾಯಿ, ತಂದೆ, ಬಂಧುಗಳೆಂದು ಯಾರೂ ಇಲ್ಲದೆ ಹೋದವರಿಗೂ ತರ್ಪಣದ ಕೊನೆಯಲ್ಲಿ ಒಂದು ಬೊಗಸೆ ನೀರು ಸಲ್ಲುತ್ತದೆ. ಮಕ್ಕಳಿಲ್ಲದ ಭೀಷ್ಮನಿಗೆ ಮಾಘ ಶುದ್ಧ ಅಷ್ಟಮಿಯಂದು ಎಲ್ಲರೂ ಮಕ್ಕಳೇ. ತನ್ನವರನ್ನು ನೆನೆಯುವುದರ ಜೊತೆಗೆ ಯಾರೂ ನೆನೆಯದವರನ್ನೂ ನೆನೆಯಬೇಕು ಎಂಬ ಈ ಭಾವನೆ ಯಾವ ಪಠ್ಯಪುಸ್ತಕದ ನೀತಿಪಾಠಕ್ಕೂ ಕಡಿಮೆಯಾದುದಲ್ಲ.

ಒಂದು ನಾಡು, ಹಲವು ಬಗೆ

ಹಿರಿಯರ ಸ್ಮರಣೆ ಎಂದೊಡನೆ ಕೇವಲ ವೈದಿಕ ಶ್ರಾದ್ಧವನ್ನು ಮಾತ್ರ ಭಾವಿಸುವುದು ತಪ್ಪು. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಪಿತೃಪಕ್ಷವೆಂದರೆ ಎಡೆಯ ಹಬ್ಬ. ಹಿರಿಯರಿಗೆಂದು ಹೊಸ ಬಟ್ಟೆಯಿಟ್ಟು, ಬಾಳೆಯೆಲೆಯ ಮೇಲೆ ಕಜ್ಜಾಯ, ವಡೆ, ಪಾಯಸಗಳನ್ನು ಬಡಿಸಿ, ಸಾಂಬ್ರಾಣಿಯ ಧೂಪ ಹಾಕುತ್ತಾರೆ. ಮಾಂಸಾಹಾರಿಗಳ ಮನೆಯಲ್ಲಿ ಮಾಂಸದ ಅಡಿಗೆಯೂ ಇರುತ್ತದೆ. ತೀರಿಕೊಂಡವರಿಗೆ ಎಲೆಯಡಿಕೆ ಇಷ್ಟವಾಗಿದ್ದರೆ ಎಲೆಯಡಿಕೆ, ಬೀಡಿ ಇಷ್ಟವಾಗಿದ್ದರೆ ಬೀಡಿ, ಕಾಫಿ ಇಷ್ಟವಾಗಿದ್ದರೆ ಒಂದು ಲೋಟ ಕಾಫಿ. ಬಳಿಕ ಹಿರಿಯರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಒಳಗೆ ಹೋಗುವಾಗ ಬಾಗಿಲು ತಟ್ಟಿಯೇ ಹೋಗಬೇಕು.

ಮಧ್ಯ ಕರ್ನಾಟಕ ಮತ್ತು ಮಲೆನಾಡಿನ ಅನೇಕ ಕಡೆ ದೀಪಾವಳಿಯ ದಿನಗಳಲ್ಲಿಯೇ ‘ಹಿರಿಯರ ಹಬ್ಬ’ವನ್ನು ಆಚರಿಸುವುದುಂಟು. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಅಗಲಿದವರಿಗೆ ಬಡಿಸುವ ಸಂಪ್ರದಾಯವಿದೆ. ಕೊಡಗಿನ ಐನ್‌ಮನೆಗಳ ಬಳಿ ಕುಲದ ಹಿರಿಯರಿಗೆಂದು ‘ಕೈಮಡ’ ಎಂಬ ಪುಟ್ಟ ಗುಡಿ ಇರುತ್ತದೆ. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಕೂಡಿ ಅಲ್ಲಿ ಕಾರಣರಿಗೆ ಅರ್ಪಣೆ ಸಲ್ಲಿಸುತ್ತಾರೆ. ವೀರಶೈವ ಲಿಂಗಾಯತರಲ್ಲಿ ಶ್ರಾದ್ಧದ ಬದಲು ಶಿವಗಣಾರಾಧನೆ ಮತ್ತು ಪುಣ್ಯಸ್ಮರಣೆಗಳಿವೆ. ಜೈನರ ನಿಸಿದಿಗಳು ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಹದಿಮೂರು ಶತಮಾನಗಳಿಗೂ ಹೆಚ್ಚು ಕಾಲದಿಂದ ನಿಂತಿವೆ. ಬಲಿಪಾಡ್ಯಮಿಯಂದು ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುವ ಬಲೀಂದ್ರನನ್ನು ಕರೆಯುವುದೂ ಒಂದು ಬಗೆಯ ಸ್ಮರಣೆಯೇ.

ವಿಧಿಗಳು ಬೇರೆಬೇರೆ, ಆದರೆ ಎಲ್ಲದರಲ್ಲಿಯೂ ಮೂರು ಅಂಶಗಳು ಸಮಾನ. ಒಂದು, ಹೆಸರು ಹೇಳುವುದು. ಎರಡು, ಅವರಿಗೆ ಪ್ರಿಯವಾದುದನ್ನು ಬಡಿಸುವುದು. ಮೂರು, ಮನೆಮಂದಿಯೆಲ್ಲ ಕೂಡಿ ಉಣ್ಣುತ್ತ ಅವರ ಮಾತನಾಡುವುದು. ಮಂತ್ರ ತಿಳಿಯದ ಮಗುವಿಗೂ ಈ ಮೂರು ಸುಲಭವಾಗಿ ಎಟಕುತ್ತವೆ.

ಕಲ್ಲಿನಲ್ಲಿ ನಿಂತ ನೆನಪು

ಕನ್ನಡಿಗರು ನೆನಪನ್ನು ಅನ್ನದಲ್ಲಿ ಮಾತ್ರವಲ್ಲ, ಕಲ್ಲಿನಲ್ಲಿಯೂ ಉಳಿಸಿದವರು. ನಾಡಿನ ಊರೂರುಗಳಲ್ಲಿ ವೀರಗಲ್ಲುಗಳು ನಿಂತಿವೆ. ದನಕರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರನ್ನು ಕಾಯುತ್ತ ಮಡಿದವನು, ಹುಲಿಯೊಡನೆ ಹೋರಾಡಿದವನು ಹೀಗೆ ಸಾಮಾನ್ಯ ಜನರ ಹೆಸರುಗಳೇ ಅವುಗಳಲ್ಲಿ ಹೆಚ್ಚು.

ಮಕ್ಕಳಿಗೆ ಹೇಳಲು ಅತ್ಯಂತ ಯೋಗ್ಯವಾದುದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಹೋರಾಡಿದನು. ಬೂತುಗನ ಕಡೆಯ ಮಣಲೆರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ಅರಸನು ‘ಬೇಡಿಕೊ’ ಎಂದಾಗ, ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೆರನು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟುಪಾಡು ಮಾಡಿದನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಸಾವಿರಕ್ಕೂ ಮಿಕ್ಕಿ ವರ್ಷಗಳ ಹಿಂದೆ ಸತ್ತ ಒಂದು ನಾಯಿಯ ಹೆಸರು ಕನ್ನಡಿಗರಿಗೆ ಗೊತ್ತು. ನೂರು ವರ್ಷಗಳ ಹಿಂದೆ ಸತ್ತ ಮುತ್ತಜ್ಜಿಯ ಹೆಸರು ಗೊತ್ತಿಲ್ಲವೆಂದರೆ ತಪ್ಪು ಕಾಲದ್ದಲ್ಲ.

ಹೈದರಾಬಾದಿನ ಕನ್ನಡಿಗರಿಗಂತೂ ಇಂಥ ನೆನಪಿನ ಗುರುತುಗಳು ದಾರಿಯಲ್ಲಿಯೇ ಇವೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದ ಮೇಲೆ ಕಲಬುರಗಿ, ರಾಯಚೂರು ಕಡೆಯ ಜನಕ್ಕೆ ಈ ನಗರ ಹತ್ತಿರವಾಯಿತು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೇ ಸೇರಿದ್ದವು. ಓದಿಗೂ, ಕೋರ್ಟು ಕಚೇರಿಗೂ, ನೌಕರಿಗೂ ಜನ ಇಲ್ಲಿಗೇ ಬರುತ್ತಿದ್ದರು. ಆ ರೈಲುದಾರಿಯಲ್ಲಿ ಮಳಖೇಡ ರಸ್ತೆ ಎಂಬ ಸಣ್ಣ ನಿಲ್ದಾಣವಿದೆ. ರಾಷ್ಟ್ರಕೂಟ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಆ ಮಳಖೇಡ. ಕಾಚಿಗುಡದ ಕನ್ನಡ ಶಾಲೆಗೆ ನೃಪತುಂಗನ ಹೆಸರನ್ನಿಟ್ಟ ಹಿರಿಯರು ಮಾಡಿದ್ದೂ ಒಂದು ಸ್ಮರಣೆಯೇ. ಪರನಾಡಿನಲ್ಲಿ ಹುಟ್ಟುವ ಮಕ್ಕಳು ಶಾಲೆಯ ಹೆಸರನ್ನು ಬರೆಯುವಾಗಲಾದರೂ ತಮ್ಮ ಮೂಲವನ್ನು ನೆನೆಯಲಿ ಎಂಬುದು ಅದರಿಂದ ಒದಗುವ ಫಲ.

ನೆರೆಯವರ ನೆನಪಿನ ಹಬ್ಬಗಳು

ಈ ನಗರದಲ್ಲಿ ಹಿರಿಯರನ್ನು ನೆನೆಯುವುದರಲ್ಲಿ ಕನ್ನಡಿಗರು ಒಂಟಿಯಲ್ಲ. ಮಹಾಲಯ ಅಮಾವಾಸ್ಯೆಯನ್ನು ತೆಲಂಗಾಣದವರು ‘ಪೆತ್ರಮಾಸ’ ಎನ್ನುತ್ತಾರೆ. ಅಂದೇ ‘ಎಂಗಿಲಿಪೂಲ ಬತುಕಮ್ಮ’. ಬೆಳಿಗ್ಗೆ ಹಿರಿಯರಿಗೆ ಬಡಿಸಿದ ಮನೆಯಲ್ಲಿಯೇ ಸಂಜೆ ತಂಗೇಡು, ಗುನುಗು, ಚೆಂಡುಹೂಗಳನ್ನು ಸುತ್ತುಸುತ್ತಾಗಿ ಜೋಡಿಸಿ, ಹೆಣ್ಣುಮಕ್ಕಳು ಅದರ ಸುತ್ತ ಚಪ್ಪಾಳೆ ತಟ್ಟಿ ಹಾಡುತ್ತಾರೆ. ‘ಬತುಕು’ ಎಂದರೆ ಬದುಕು. ಸತ್ತವರ ದಿನದಂದೇ ಬದುಕಿನ ಹಬ್ಬವೂ ಆರಂಭವಾಗುವುದು ಎಷ್ಟು ಅರ್ಥಪೂರ್ಣ! 2014ರಲ್ಲಿ ತೆಲಂಗಾಣ ರಾಜ್ಯ ಉದಯಿಸಿದ ಮೇಲೆ ಅದು ನಾಡಹಬ್ಬವೂ ಆಯಿತು.

ಮೊಹರಂ ಮತ್ತೊಂದು ನಿದರ್ಶನ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನಲ್ಲಿ ಮೊಹರಂ ಹತ್ತನೆಯ ದಿನ ಹಳೆಯ ನಗರದ ಬೀಬಿ ಕಾ ಅಲಾವಾದಿಂದ ಆನೆಯ ಮೇಲೆ ಅಲಮ್ ಮೆರವಣಿಗೆ ಹೊರಡುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಇಡೀ ಸೀಮೆಯಲ್ಲಿ ಪ್ರಸಿದ್ಧ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದೇ ‘ಅಲಾಯಿ ಹಬ್ಬ’. ಕರ್ಬಲಾದ ಕಥೆಯನ್ನು ಹೇಳುವ ರಿವಾಯತ್ ಪದಗಳನ್ನು ಜನ ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲಿಯೂ ಹಿಂದೂಗಳೇ ಅದನ್ನು ನಡೆಸಿಕೊಂಡು ಬಂದಿರುವುದುಂಟು. ನವೆಂಬರ್ 2ರಂದು ಕ್ರೈಸ್ತರು ಸಮಾಧಿಗಳನ್ನು ಹೂವು, ಮೇಣದ ಬತ್ತಿಗಳಿಂದ ಅಲಂಕರಿಸಿ ತಮ್ಮವರಿಗಾಗಿ ಪ್ರಾರ್ಥಿಸುತ್ತಾರೆ. ಒಂದೇ ತರಗತಿಯಲ್ಲಿ ಕುಳಿತುಕೊಳ್ಳುವ ಮಕ್ಕಳು ಈ ಎಲ್ಲ ಮನೆಗಳಿಂದ ಬಂದವರು ಎಂಬುದನ್ನು ಮರೆಯಬಾರದು.

ಶೋಕ ಮತ್ತು ಆರೋಗ್ಯ

ಸ್ಮರಣೆಯ ಸಂಪ್ರದಾಯಕ್ಕೂ ಮನಸ್ಸಿನ ಆರೋಗ್ಯಕ್ಕೂ ನಿಕಟ ಸಂಬಂಧವಿದೆ. ಶೋಕ ರೋಗವಲ್ಲ; ಪ್ರೀತಿಯಿದ್ದಲ್ಲಿ ಅದು ಬಂದೇ ಬರುತ್ತದೆ. ಹಿಂದಿನವರು ಅದಕ್ಕೊಂದು ಕ್ರಮವನ್ನು ಕಟ್ಟಿಕೊಟ್ಟಿದ್ದರು. ಸಾವಿನ ಮನೆಯಲ್ಲಿ ಒಲೆ ಹೊತ್ತದಿದ್ದಾಗ ನೆರೆಯವರು ಅನ್ನ ತರುತ್ತಿದ್ದರು. ದುಃಖಿತರನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಹತ್ತನೆಯ ದಿನ, ಹದಿಮೂರನೆಯ ದಿನ, ಮಾಸಿಕ, ವರ್ಷಾಂತಿಕ ಎಂದು ದುಃಖಕ್ಕೆ ಮೆಟ್ಟಿಲುಗಳಿದ್ದವು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಅಳಲು ಒಂದು ಅವಕಾಶ, ಬಳಿಕ ಕೆಲಸಕ್ಕೆ ಮರಳಲು ಒಂದು ಅನುಮತಿ.

ಮಹಾಮಾರಿಯ ಕಾಲದಲ್ಲಿ ಈ ಮೆಟ್ಟಿಲುಗಳೇ ಮುರಿದುಬಿದ್ದವು. ಶವಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂದಿತು. ಹೆತ್ತವರ ಕೊನೆಯ ದರ್ಶನ ಎಷ್ಟೋ ಮಕ್ಕಳಿಗೆ ದೊರೆಯಲಿಲ್ಲ. 2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗಿನ 14 ತಿಂಗಳಲ್ಲಿ ಜಗತ್ತಿನಾದ್ಯಂತ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆ ಅಥವಾ ತಾಯಿಯನ್ನು, ಇಲ್ಲವೇ ಮನೆಯಲ್ಲಿದ್ದು ತಮ್ಮನ್ನು ನೋಡಿಕೊಳ್ಳುತ್ತಿದ್ದ ಅಜ್ಜ, ಅಜ್ಜಿ ಮುಂತಾದವರನ್ನು ಕಳೆದುಕೊಂಡರೆಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2021ರ ಜುಲೈನಲ್ಲಿ ಅಂದಾಜು ಪ್ರಕಟವಾಯಿತು. ಕಲಬುರಗಿಯಲ್ಲಿ ಅಜ್ಜ ತೀರಿಕೊಂಡ ಮರುದಿನ ಹೈದರಾಬಾದಿನ ಮಗು ತೆರೆಯ ಮುಂದೆ ಕುಳಿತು ‘ಪ್ರೆಸೆಂಟ್ ಮಿಸ್’ ಎಂದರೆ, ಅದರ ಮನಸ್ಸಿನಲ್ಲಿ ಏನಿದೆಯೆಂದು ಶಿಕ್ಷಕರಿಗೆ ತಿಳಿಯುವುದಾದರೂ ಹೇಗೆ? ನಿಜವಾದ ಶಾಲೆಯಲ್ಲಾದರೆ ಪಕ್ಕದಲ್ಲಿ ಕುಳಿತ ಗೆಳೆಯನಾದರೂ ಕೆಂಪಾದ ಕಣ್ಣುಗಳನ್ನು ನೋಡುತ್ತಿದ್ದನು.

ಮಕ್ಕಳ ಶೋಕದ ವಿಷಯದಲ್ಲಿ ಹಿರಿಯರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಐದಾರು ವರ್ಷದೊಳಗಿನ ಮಗುವಿಗೆ ಸಾವೆಂದರೆ ಮರಳಿ ಬಾರದ ಪಯಣ ಎಂಬುದು ಪೂರ್ತಿ ಅರ್ಥವಾಗುವುದಿಲ್ಲ. ‘ಅಜ್ಜಿ ಮಲಗಿದ್ದಾಳೆ’ ಎಂದರೆ ಆ ಮಗು ತಾನು ಮಲಗಲು ಹೆದರಬಹುದು. ‘ಊರಿಗೆ ಹೋಗಿದ್ದಾಳೆ’ ಎಂದರೆ ದಿನವೂ ದಾರಿ ಕಾಯಬಹುದು. ಆದುದರಿಂದ ‘ಅಜ್ಜಿ ತೀರಿಕೊಂಡಳು, ಅವಳ ದೇಹಕ್ಕೆ ಇನ್ನು ನೋವಿಲ್ಲ, ಅವಳು ಮತ್ತೆ ಬರುವುದಿಲ್ಲ, ಆದರೆ ಅವಳ ಮಾತು ಎಷ್ಟು ಬೇಕಾದರೂ ಆಡಬಹುದು’ ಎಂದು ನೇರವಾಗಿ, ಮೆಲ್ಲಗೆ ಹೇಳುವುದೇ ಲೇಸು. ಮಗು ಒಂದು ಗಳಿಗೆ ಅತ್ತು ಮರುಗಳಿಗೆಯೇ ಆಟಕ್ಕೆ ಓಡಿದರೆ ಅದನ್ನು ಕಲ್ಲುಮನಸ್ಸೆಂದು ಭಾವಿಸಬಾರದು. ಮಕ್ಕಳು ದುಃಖವನ್ನು ತುಣುಕುತುಣುಕಾಗಿಯೇ ಸಹಿಸುತ್ತಾರೆ. ಊಟ, ನಿದ್ರೆ, ಶಾಲೆಗಳ ವೇಳೆ ತಪ್ಪದಂತೆ ನೋಡಿಕೊಳ್ಳಬೇಕು. ಶಿಕ್ಷಕರಿಗೆ ವಿಷಯ ತಿಳಿಸಬೇಕು.

ದೊಡ್ಡವರಲ್ಲಿಯೂ ಶೋಕ ಕೆಲವೊಮ್ಮೆ ಮಾಗದೆ ಉಳಿಯುತ್ತದೆ. ಆರು ತಿಂಗಳು ಮೀರಿದ ಮೇಲೂ ದುಃಖದ ತೀವ್ರತೆ ತಗ್ಗದೆ, ದಿನನಿತ್ಯದ ಕೆಲಸವೇ ಸಾಗದಂತಾದರೆ ಅದಕ್ಕೆ ಚಿಕಿತ್ಸೆ ಬೇಕು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇಂಥ ದೀರ್ಘ ಶೋಕವನ್ನು ಪ್ರತ್ಯೇಕವಾಗಿ ಗುರುತಿಸಲಾಗಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಸಂಖ್ಯೆಗೆ ಉಚಿತವಾಗಿ ಫೋನು ಮಾಡಿ ಮನಸ್ಸಿನ ತೊಂದರೆಯನ್ನು ಹೇಳಿಕೊಳ್ಳಬಹುದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಶ್ರಾದ್ಧದ ದಿನದ ಬಗೆಗೂ ಒಂದು ಎಚ್ಚರಿಕೆ ಅವಶ್ಯ. ಕರ್ತೃವು ಅಪರಾಹ್ನದವರೆಗೆ ಉಪವಾಸವಿರುವುದು ವಾಡಿಕೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯಕಾರಿ. ರಕ್ತದಲ್ಲಿ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ ತಡಮಾಡದೆ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಯಬೇಕು. ಅಂದಿನ ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳುವುದು ಉತ್ತಮ. ಹಿರಿಯರನ್ನು ತೃಪ್ತಿಪಡಿಸಲು ಕಿರಿಯರು ಆಸ್ಪತ್ರೆ ಸೇರಬೇಕೆಂದು ಯಾವ ಹಿರಿಯರೂ ಬಯಸಲಾರರು.

ತರಗತಿಯಲ್ಲೊಂದು ನೆನಪಿನ ದಿನ

ಈ ಸ್ಮರಣೆಯನ್ನು ಶಾಲೆಗೆ ತರಬಹುದೇ ಎಂಬ ಪ್ರಶ್ನೆಗೆ ಮೆಕ್ಸಿಕೋ ದೇಶ ಉತ್ತರ ಹೇಳುತ್ತದೆ. ಅಲ್ಲಿ ನವೆಂಬರ್ 1 ಮತ್ತು 2ರಂದು ಅಗಲಿದವರ ದಿನ. ಮನೆಗಳಲ್ಲಿ ಮಾತ್ರವಲ್ಲದೆ ಶಾಲೆಗಳಲ್ಲಿಯೂ ಮಕ್ಕಳು ಪೀಠ ಕಟ್ಟಿ, ಹಿರಿಯರ ಭಾವಚಿತ್ರವಿಟ್ಟು, ಅವರಿಗೆ ಪ್ರಿಯವಾದ ತಿಂಡಿ, ನೀರು, ದೀಪ, ಹೂವುಗಳನ್ನಿಡುತ್ತಾರೆ. ಯುನೆಸ್ಕೋ ಸಂಸ್ಥೆ 2008ರಲ್ಲಿ ಈ ಆಚರಣೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪೀಠದ ಮೇಲಿನ ಮುಖ್ಯ ಹೂವು ಚೆಂಡುಹೂವು! ಅದರ ತವರೇ ಮೆಕ್ಸಿಕೋ ಸೀಮೆ. ಸಮುದ್ರವ್ಯಾಪಾರದ ಕಾಲದಲ್ಲಿ ಯುರೋಪಿಯನ್ನರ ಮೂಲಕ ಭಾರತಕ್ಕೆ ಬಂದ ಆ ಹೂವೇ ಇಂದು ಬತುಕಮ್ಮನಲ್ಲಿಯೂ ದೀಪಾವಳಿಯ ತೋರಣದಲ್ಲಿಯೂ ಅರಳುತ್ತಿದೆ. ಭೂಮಿಯ ಆಚೆ ಬದಿಯಲ್ಲಿ ಸತ್ತವರಿಗೆ ದಾರಿ ತೋರುವ ಹೂವು ಇಲ್ಲಿ ಬದುಕಿನ ಹಬ್ಬಕ್ಕೆ ಒದಗಿದೆ.

ಶಾಲೆಯಲ್ಲಿ ವಿಧಿಗಳು ಬೇಕಿಲ್ಲ. ನಾನಾ ಮತಗಳ ಮಕ್ಕಳಿರುವಲ್ಲಿ ಪೂಜೆ, ಮಂತ್ರಗಳನ್ನು ಮನೆಗೇ ಬಿಡುವುದು ಯೋಗ್ಯ. ಒಂದು ಭಾವಚಿತ್ರ, ಒಂದು ಹೆಸರು, ಒಂದು ಕಥೆ ಇಷ್ಟು ಸಾಕು. ‘ನಮ್ಮ ಮುತ್ತಜ್ಜ ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಿದ್ದರು’, ‘ನಮ್ಮ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತ ಹಾಡು ಹೇಳುತ್ತಿದ್ದಳು’ ಎಂದು ಮಗು ಎರಡು ಮಾತು ಹೇಳಿದರೆ ಅದೇ ಎಡೆ.

ಈ ಕಾರ್ಯಕ್ಕೆ ಆನ್‌ಲೈನ್ ತರಗತಿ ಅಡ್ಡಿಯಾಗದೆ ಅನುಕೂಲವೇ ಆಗಬಹುದು. ಕಟ್ಟಡದ ಶಾಲೆಗೆ ಊರಿನ ಅಜ್ಜಿ ಬರಲಾರಳು. ತೆರೆಯ ಶಾಲೆಗೆ ಅವಳು ತನ್ನ ಪಡಸಾಲೆಯಿಂದಲೇ ಬರಬಲ್ಲಳು. ಬೀದರದ ಅಜ್ಜ, ಹೈದರಾಬಾದಿನ ಮೊಮ್ಮಗಳು, ಅಮೆರಿಕದಲ್ಲಿರುವ ಅವಳ ಚಿಕ್ಕಪ್ಪನ ಮಕ್ಕಳು ಒಂದೇ ಹೊತ್ತಿನಲ್ಲಿ ಒಟ್ಟುಗೂಡಬಹುದು. ಆದರೆ ಕೆಲವು ವಿವೇಚನೆ ಬೇಕು. ಹತ್ತಿರದವರನ್ನು ಇತ್ತೀಚೆಗೆ ಕಳೆದುಕೊಂಡ ಮಗುವನ್ನು ಮಾತನಾಡಲು ಬಲವಂತ ಮಾಡಬಾರದು; ಸುಮ್ಮನೆ ಕೇಳುತ್ತ ಕುಳಿತರೂ ಸರಿಯೇ. ಸಾವಿನ ವಿವರಗಳಿಗಿಂತ ಬದುಕಿನ ವಿವರಗಳಿಗೆ ಒತ್ತು ಕೊಡಬೇಕು. ಮಗು ಅತ್ತರೆ ಗದರದೆ, ತರಗತಿ ಮುಗಿದ ಮೇಲೆ ಮನೆಯವರೊಡನೆ ಶಿಕ್ಷಕರು ಮಾತನಾಡಬೇಕು.

ಮನೆ ಮತ್ತು ಸಂಘ

ಮನೆಯಲ್ಲಿ ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಒಂದು ದಪ್ಪ ನೋಟುಪುಸ್ತಕದಲ್ಲಿ ತಂದೆಯ ಕಡೆ, ತಾಯಿಯ ಕಡೆ ಮೂರು ಮೂರು ತಲೆಮಾರಿನ ಹೆಸರುಗಳನ್ನು, ಮುಖ್ಯವಾಗಿ ಹೆಂಗಸರ ಹೆಸರುಗಳನ್ನು, ಅವರ ಊರು, ಕಸುಬು, ತೀರಿಕೊಂಡ ತಿಥಿಗಳೊಡನೆ ಬರೆದಿಡಬೇಕು. ಮಗುವಿನ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಕನ್ನಡ ಅಕ್ಷರವೂ ಉಳಿಯುತ್ತದೆ. ಇರುವ ಹಿರಿಯರ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದಿಡಬೇಕು. ಅವರು ಹೇಳುವ ಹಾಡು, ಒಗಟು, ಅಡಿಗೆಯ ಅಳತೆಗಳನ್ನು ಅವರದೇ ಮಾತಿನಲ್ಲಿ ಉಳಿಸಬೇಕು. ಭಾವಚಿತ್ರಗಳ ಹಿಂದೆ ಹೆಸರು, ಇಸವಿ ಬರೆಯಬೇಕು. ಹೆಸರಿಲ್ಲದ ಚಿತ್ರ ಒಂದು ತಲೆಮಾರಿನ ನಂತರ ಬರಿಯ ಕಾಗದ. ಪಿತೃಋಣವೆಂದು ಶಾಸ್ತ್ರ ಕರೆದ ಈ ಸಾಲಕ್ಕೆ ಬಡ್ಡಿಯಿಲ್ಲ, ಜಾಮೀನಿಲ್ಲ, ವಸೂಲಿಗೆ ಬರುವವರೂ ಇಲ್ಲ. ಲೆಕ್ಕವನ್ನು ಮುಂದಿನ ಪುಟಕ್ಕೆ ಸರಿಯಾಗಿ ಒಯ್ಯುವುದಷ್ಟೇ ಸಾಲಗಾರನ ಕರ್ತವ್ಯ.

ಕನ್ನಡ ಸಂಘಗಳಿಗೂ ಇಲ್ಲೊಂದು ಅವಕಾಶವಿದೆ. ನವೆಂಬರಿನಲ್ಲಿ ರಾಜ್ಯೋತ್ಸವ ನಡೆಸುವಾಗ ನಾಡನ್ನು ಒಂದುಗೂಡಿಸಿದ ಮಹನೀಯರನ್ನು ವೇದಿಕೆಯಿಂದ ನೆನೆಯುತ್ತಾರೆ, ಅದು ಆಗಬೇಕಾದುದೇ. ಅದರೊಡನೆ ಅರ್ಧ ಗಂಟೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಒಬ್ಬೊಬ್ಬರೂ ತಮ್ಮ ಮನೆಯ ಒಬ್ಬ ಹಿರಿಯರ ಹೆಸರು ಮತ್ತು ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಳುವಂತೆ ಮಾಡಬಹುದು. ಇದಕ್ಕೆ ಹಣ ಬೇಡ, ಬಹುಮಾನ ಬೇಡ, ತೀರ್ಪುಗಾರರು ಬೇಡ. ತಿಂಗಳ ಮುಂಚೆಯೇ ಮಕ್ಕಳಿಗೆ ತಿಳಿಸಿದರೆ, ಅಷ್ಟು ದಿನವೂ ಮನೆಮನೆಗಳಲ್ಲಿ ಪ್ರಶ್ನೆಗಳು ನಡೆಯುತ್ತವೆ. ಆ ಪ್ರಶ್ನೆಗಳೇ ನಿಜವಾದ ಕಾರ್ಯಕ್ರಮ.

ಹಳ್ಳಿಯ ಮನೆಯಲ್ಲಿ ಎಡೆಯಿಟ್ಟು ಬಾಗಿಲು ಮುಚ್ಚಿದಾಗ ಹೊರಗೆ ನಿಂತ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಬಾಗಿಲು ತೆರೆದೊಡನೆ ಓಡಿಹೋಗಿ, ಪಾಯಸ ಸ್ವಲ್ಪವಾದರೂ ಕಡಿಮೆಯಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಅಜ್ಜಿ ‘ನಿಮ್ಮ ತಾತನಿಗೆ ಪಾಯಸಕ್ಕೆ ಬೆಲ್ಲ ಮುಂದಾಗಿರಬೇಕು’ ಎಂದು ತನಗೆ ತಾನೇ ಹೇಳಿಕೊಂಡರೆ, ತಾತನನ್ನು ಎಂದೂ ಕಾಣದ ಮಗುವಿಗೂ ತಾತನ ಪರಿಚಯವಾಗುತ್ತಿತ್ತು. ನಗರದ ಮೂರನೆಯ ಮಹಡಿಯ ಮನೆಯಲ್ಲಿಯೂ ಆ ಒಂದು ಮಾತನ್ನು ಹೇಳಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಮಹಾಲಯ ಅಮಾವಾಸ್ಯೆಯಂದು ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ಮಕ್ಕಳು ತಮ್ಮ ಮುತ್ತಜ್ಜಿಯ ಹೆಸರನ್ನು ತಡವರಿಸದೆ ಹೇಳುವಂತಾಗಲಿ.